ಇಟ್ಟಿಗೆ ಫ್ಯಾಕ್ಟರಿ ಮಕ್ಕಳಿರುವ ತರಗತಿಗೆ ಯಾವ ಚಿತ್ರಪುಸ್ತಕ?

ಪ್ರಶ್ನೆ: ನಾನು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಊರಿನ ಸುತ್ತ ಇಟ್ಟಿಗೆ ಫ್ಯಾಕ್ಟರಿಗಳಿವೆ. ದೀಪಾವಳಿ ಕಳೆದ ಮೇಲೆ ಒಡಿಶಾ, ಬಿಹಾರ, ರಾಯಚೂರು ಕಡೆಯ ಮಕ್ಕಳು ಬಂದು ಸೇರುತ್ತಾರೆ. ಬೇಸಿಗೆಯಲ್ಲಿ ಹೊರಟುಹೋಗುತ್ತಾರೆ. ಊರಿನ ಮಕ್ಕಳು ಎಲ್ಲರನ್ನೂ ಸೇರಿಸಿ 'ಹಿಂದಿಯವರು' ಅಂತಾರೆ, ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ವಲಸೆ, ಗಡಿ ದಾಟುವುದು ಇಂಥ ವಿಷಯದ ಮೇಲೆ ಮಕ್ಕಳ ಚಿತ್ರಪುಸ್ತಕಗಳಿವೆ ಅಂತ ಕೇಳಿದ್ದೇನೆ. ಮೂರನೇ ತರಗತಿಗೆ ಯಾವುದು ಓದಲಿ? ಹೆಚ್ಚಿನವು ಯುದ್ಧ, ದೋಣಿ, ಸಾವಿನ ಕತೆಗಳಂತೆ. ಚಿಕ್ಕ ಮಕ್ಕಳಿಗೆ ಅದು ಸರಿಯಾ? ಓದಿದ ಮೇಲೆ ಆ ಮಕ್ಕಳಿಂದಲೇ ಅವರ ಕತೆ ಹೇಳಿಸೋಣ ಅಂತ ಇದ್ದೇನೆ. ಶಾಲೆಯಲ್ಲಿ ಪುಸ್ತಕಕ್ಕೆ ಇರುವ ದುಡ್ಡು ಕಮ್ಮಿ.

ಉತ್ತರ: ಮೇಡಂ, ನಿಮ್ಮ ಕೊನೆಯ ಯೋಚನೆಯಿಂದ ಶುರು ಮಾಡುತ್ತೇನೆ. ಯಾವ ಪುಸ್ತಕ ಅನ್ನುವುದಕ್ಕಿಂತ ಅದು ಮುಖ್ಯ. ಆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ "ನಿನ್ನ ಕತೆ ಹೇಳು" ಅನ್ನಬೇಡಿ.

ನಿಮ್ಮ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಮಗುವಿನ ಜಾಗದಲ್ಲಿ ಕೂತು ನೋಡಿ. ಶಾಲೆಗೆ ಸೇರಿ ಕೆಲವು ವಾರ ಆಗಿದೆ ಅಷ್ಟೆ. ಮಾತು ಇನ್ನೂ ಬರುವುದಿಲ್ಲ. ಹೇಗಾದರೂ ಮಾಡಿ ಎಲ್ಲರ ಹಾಗೆ ಇದ್ದುಬಿಡಬೇಕು ಅಂತ ಅದಕ್ಕೆ ಆಸೆ. ಅಷ್ಟರಲ್ಲಿ ಟೀಚರೇ ಎಲ್ಲರ ಮುಂದೆ ಕರೆದು, ನೀನು ಬೇರೆ ಕಡೆಯವನು ಅಂತ ನೆನಪಿಸಿದ ಹಾಗಾಗುತ್ತದೆ. ಇನ್ನೊಂದು ವಿಷಯವೂ ಇದೆ. ಮುಂಗಡದ ಸಾಲ, ಅಪ್ಪನಿಗೂ ಮೇಸ್ತ್ರಿಗೂ ಆದ ಜಗಳ, ದಾರಿಯಲ್ಲಿ ಹುಷಾರು ತಪ್ಪಿದ ತಮ್ಮ. ಮಗುವಿಗೆ ಗೊತ್ತಿರುವ ಕತೆ ಇಂಥದ್ದೂ ಇರಬಹುದು. ಹೊರಗೆ ಯಾರ ಹತ್ತಿರವೂ ಹೇಳಬೇಡ ಅಂತ ಅಮ್ಮ ಹೇಳಿರಬಹುದು. ಅದು ತಾನಾಗಿ ಹೇಳಿದರೆ ಕಿವಿಗೊಟ್ಟು ಕೇಳಿ. ಬಾಯಿ ಬಿಡಿಸಲು ಹೋಗಬೇಡಿ. ಚಿತ್ರಪುಸ್ತಕದಿಂದ ಆಗುವ ದೊಡ್ಡ ಉಪಕಾರವೇ ಇದು. ಅಲ್ಲಿರುವುದು ಬೇರೆ ಯಾರದೋ ಕತೆ. ಚಿತ್ರದ ಹುಡುಗನ ಬಗ್ಗೆ ಮಾತಾಡುತ್ತಾ ಮಗು ತನ್ನ ಮಾತನ್ನೂ ಸೇರಿಸಬಹುದು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅದರ ಕೈಯಲ್ಲೇ ಇರುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಹೊರದೇಶಗಳಲ್ಲಿ ಹೆಸರು ಮಾಡಿರುವ ವಲಸೆಯ ಚಿತ್ರಪುಸ್ತಕಗಳನ್ನು ಮುಂದೆ ಹರಡಿಕೊಂಡು ನೋಡಿದರೆ, ಬಹಳಷ್ಟರಲ್ಲಿ ಕತೆ ಸಾಗುವ ರೀತಿ ಒಂದೇ. ಒಂದು ಮನೆ ಇತ್ತು. ಕಷ್ಟ ಬಂತು. ಗಂಟುಮೂಟೆ ಕಟ್ಟಿದರು. ಗಡಿ ದಾಟಿದರು. ಹೊಸ ದೇಶಕ್ಕೆ ಬಂದು ನೆಲೆಯಾದರು. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನಿಮ್ಮ ತರಗತಿಯ ಮಕ್ಕಳ ಬದುಕು ಈ ಅಳತೆಗೆ ಹೊಂದುವುದಿಲ್ಲ. ಪಶ್ಚಿಮ ಒಡಿಶಾದ ಬಲಾಂಗೀರ್, ನುವಾಪಡಾ ಕಡೆಯಿಂದ ಇಟ್ಟಿಗೆ ಕೆಲಸಕ್ಕೆ ಬರುವವರು ಹೊಸ ಅಕ್ಕಿ ಉಣ್ಣುವ ನುವಾಖಾಯಿ ಹಬ್ಬ ಮುಗಿಸಿಕೊಂಡು, ಊರಲ್ಲಿ ಗದ್ದೆ ಕೆಲಸ ಇಲ್ಲದ ಹೊತ್ತಿಗೆ ಮುಂಗಡ ತೆಗೆದುಕೊಂಡು ಹೊರಡುತ್ತಾರೆ. ಮಳೆಗಾಲದಲ್ಲಿ ಹಸಿ ಇಟ್ಟಿಗೆ ಒಣಗುವುದಿಲ್ಲ. ಹಾಗಾಗಿ ಮುಂಗಾರಿಗೆ ಮುಂಚೆ ವಾಪಸ್. ರಾಯಚೂರು ಕಡೆಯಿಂದ ಗುಳೆ ಬರುವವರದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಮುಂದಿನ ವರ್ಷ ಮಾಲೂರಿಗೇ ಬರುತ್ತಾರೆ ಅಂತ ಹೇಳುವ ಹಾಗಿಲ್ಲ. ತೆಲಂಗಾಣ ಆಗಬಹುದು, ತಮಿಳುನಾಡು ಆಗಬಹುದು. ಊರಲ್ಲಿ ಮನೆ ಇದೆ, ಅಜ್ಜಿ ಇದ್ದಾಳೆ, ಬಿಟ್ಟು ಬಂದ ಆಡು ಇದೆ. ಇವರದು ಹೋಗಿ ಬರುವ, ಮತ್ತೆ ಹೋಗುವ ಬದುಕು. 'ಹಳೆಯದು ಹೋಯಿತು, ಹೊಸ ಊರೇ ಇನ್ನು ನಮ್ಮೂರು' ಅನ್ನುವ ಪುಸ್ತಕವನ್ನು ಓದಿ ತೋರಿಸಿದರೆ ಈ ಮಗುವಿಗೆ ಅದು ತನ್ನ ಕತೆ ಅನ್ನಿಸುವುದಿಲ್ಲ. ಹಾಗಾಗಿ ಪುಸ್ತಕ ಆರಿಸುವಾಗ ಮೊದಲು ಇದನ್ನೇ ನೋಡಿ: ಇದರಲ್ಲಿ ವಾಪಸ್ ಹೋಗುವ ದಾರಿ ಇದೆಯಾ? ಎರಡು ಕಡೆ ಮನೆ ಇರುವ ಮನಸ್ಸು ಇದರಲ್ಲಿ ಕಾಣುತ್ತದಾ?

ಈ ಕಣ್ಣಿನಿಂದ ನೋಡಿದರೆ ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ಅಲೆನ್ ಸೇ ಬರೆದು ಚಿತ್ರಿಸಿದ 'ಗ್ರ್ಯಾಂಡ್‌ಫಾದರ್ಸ್ ಜರ್ನಿ'. ಬಂದದ್ದು 1993ರಲ್ಲಿ. ಮರುವರ್ಷ, ಮಕ್ಕಳ ಚಿತ್ರಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಕಾಲ್ಡೆಕಾಟ್ ಪದಕ ಸಿಕ್ಕಿತು. ಜಪಾನಿನ ಒಬ್ಬ ಹುಡುಗ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಾನೆ. ಕ್ಯಾಲಿಫೋರ್ನಿಯಾ ಅವನಿಗೆ ಬಹಳ ಇಷ್ಟವಾಗುತ್ತದೆ. ಆದರೂ ಊರಿನ ಬೆಟ್ಟ, ಹೊಳೆ ನೆನಪಾಗಿ ವಾಪಸ್ ಬರುತ್ತಾನೆ. ಬಂದ ಮೇಲೆ ಕ್ಯಾಲಿಫೋರ್ನಿಯಾ ನೆನಪಾಗುತ್ತದೆ! ಮತ್ತೆ ಹೋಗೋಣ ಅನ್ನುವಷ್ಟರಲ್ಲಿ ಯುದ್ಧ ಬರುತ್ತದೆ. ಕೊನೆಗೆ ಮೊಮ್ಮಗ ಅದೇ ದಾರಿ ಹಿಡಿಯುತ್ತಾನೆ, ಅವನಿಗೂ ಅದೇ ಪಾಡು. ಇಲ್ಲಿದ್ದರೆ ಅಲ್ಲಿಯ ಆಸೆ, ಅಲ್ಲಿದ್ದರೆ ಇಲ್ಲಿಯ ಆಸೆ. ಚಿತ್ರಗಳು ಹಳೆಯ ಫೋಟೋ ಆಲ್ಬಮ್ಮಿನ ಹಾಗಿವೆ, ಒಂದು ಪುಟಕ್ಕೆ ಒಂದು ಚಿತ್ರ, ಕೆಳಗೆ ಎರಡು ಮೂರು ಸಾಲು. ಇಂಗ್ಲಿಷ್ ಸುಲಭ. ನೀವು ಮೊದಲು ಓದಿಕೊಂಡು ಕನ್ನಡದಲ್ಲಿ ಹೇಳಿಕೊಂಡು ಹೋಗಬಹುದು. ಈ ಪುಸ್ತಕದಲ್ಲಿ ಯಾರೂ ಯಾರನ್ನೂ ನೋಡಿ ಅಯ್ಯೋ ಪಾಪ ಅನ್ನುವುದಿಲ್ಲ. ನನಗೆ ಅದು ಬಹಳ ಮುಖ್ಯ. ನಿಮ್ಮ ಒಡಿಶಾದ ಮಗುವಿಗೆ ಬೇಕಾಗಿರುವುದು ಕನಿಕರ ಅಲ್ಲ, ಜೊತೆಗಾರರು.

ಎರಡನೆಯದು ಆಸ್ಟ್ರೇಲಿಯಾದ ಶಾನ್ ಟ್ಯಾನ್ ಮಾಡಿದ 'ದಿ ಅರೈವಲ್', 2006ರದು. ಇದರಲ್ಲಿ ಮಾತೇ ಇಲ್ಲ. ನೂರಕ್ಕೂ ಜಾಸ್ತಿ ಪುಟ, ಪೂರ್ತಿ ಪೆನ್ಸಿಲ್ ಚಿತ್ರ. ಒಬ್ಬ ಅಪ್ಪ ಹೆಂಡತಿ ಮಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ದೂರದ ನಗರಕ್ಕೆ ಹೋಗುತ್ತಾನೆ. ಆ ನಗರ ಎಲ್ಲೂ ಇಲ್ಲದ್ದು. ಅಲ್ಲಿನ ಹಣ್ಣು, ಪ್ರಾಣಿ, ಗಡಿಯಾರ ಎಲ್ಲ ವಿಚಿತ್ರ. ಬೋರ್ಡಿನ ಮೇಲಿರುವ ಅಕ್ಷರಗಳನ್ನೂ ಚಿತ್ರಕಾರರೇ ಹುಟ್ಟಿಸಿದ್ದಾರೆ, ಪ್ರಪಂಚದಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಇದು ಎಂಥ ಒಳ್ಳೆಯ ಉಪಾಯ ನೋಡಿ. ಪುಸ್ತಕ ತೆರೆದ ತಕ್ಷಣ ತರಗತಿಯ ಜಾಣ ಹುಡುಗಿಯೂ, ನಿನ್ನೆ ಬಂದು ಸೇರಿದ ಹುಡುಗನೂ, ನೀವೂ ಒಂದೇ ಸಾಲಿಗೆ ಬರುತ್ತೀರಿ.

ಅದರಲ್ಲಿ ಒಂದು ಕಡೆ ಆ ಅಪ್ಪನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಅಕ್ಷರ ಗೊತ್ತಿಲ್ಲವಲ್ಲ, ಎಲ್ಲವನ್ನೂ ತಲೆಕೆಳಗಾಗಿ ಅಂಟಿಸಿಬಿಡುತ್ತಾನೆ. ಕೆಲಸ ಹೋಗುತ್ತದೆ. ಬಂಗಾರಪೇಟೆ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳ ಜೊತೆ ಈ ಪುಟ ನೋಡುತ್ತಾ ಕೂತಿದ್ದೆ. ಊರಿನ ಮಕ್ಕಳು ಇನ್ನೂ ಗೋಡೆಯ ಮೇಲೆ ಏನಿದೆ ಅಂತ ಹುಡುಕುತ್ತಿದ್ದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಹುಡುಗ ಜೋರಾಗಿ ನಕ್ಕ. ತೆಲಂಗಾಣದಲ್ಲಿ ಒಂದು ಸೀಸನ್, ತಮಿಳುನಾಡಿನಲ್ಲಿ ಒಂದು ಸೀಸನ್ ಕಳೆದು ಇಲ್ಲಿಗೆ ಬಂದಿದ್ದ ಹುಡುಗ. ಮುಂದೆ ಬಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಎಲ್ಲರಿಗೂ ವಿವರಿಸಿದ. ಆಮೇಲೆ ತಾನೇ ಹೇಳಿದ, ಶಾಲೆಯಲ್ಲಿ ಮೊದಲ ದಿನ ಪುಸ್ತಕ ಕೊಟ್ಟಾಗ ಯಾವ ಕಡೆ ಮೇಲೆ ಅಂತ ಅವನಿಗೂ ಗೊತ್ತಾಗಿರಲಿಲ್ಲವಂತೆ. ಯಾರೂ ಅವನನ್ನು ಕೇಳಿರಲಿಲ್ಲ. ಆವತ್ತು ಆ ಗುಂಪಿನಲ್ಲಿ ಜಾಸ್ತಿ ಗೊತ್ತಿದ್ದವನು ಅವನೇ. ನೀವು ಹೇಳಿಸಬೇಕು ಅಂದುಕೊಂಡಿರುವ ಕತೆ ಹೊರಗೆ ಬರುವುದು ಹೀಗೆ.

ಪುಸ್ತಕ ದೊಡ್ಡದು, ಒಂದೇ ಸಲಕ್ಕೆ ಮುಗಿಸಬೇಡಿ. ದಿನಕ್ಕೆ ಹತ್ತು ಪುಟ ಸಾಕು. ನೀವು ಜಾಸ್ತಿ ಮಾತಾಡಬೇಡಿ. "ಇಲ್ಲಿ ಏನಾಗ್ತಿದೆ?" ಅಂತ ಕೇಳಿ. ಮಗು ಏನಾದರೂ ಹೇಳಿದರೆ "ಏನು ನೋಡಿ ಹಾಗಂದೆ?" ಅಂತ ಕೇಳಿ. ಸರಿ, ತಪ್ಪು ಅನ್ನಬೇಡಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ತೆಗೆದುಕೊಳ್ಳಿ, ಬೆರಳು ತೋರಿಸಿದರೂ ಉತ್ತರವೇ. ಆಕಾಶದಲ್ಲಿ ಹಾವಿನಂಥ ಬಾಲದ ನೆರಳು ಬೀದಿಯ ಮೇಲೆ ಹರಡಿರುವ ಚಿತ್ರ ಶುರುವಿನಲ್ಲೇ ಬರುತ್ತದೆ. ಆ ಕುಟುಂಬ ಊರು ಬಿಡಲು ಕಾರಣ ಏನು ಅನ್ನುವುದನ್ನು ಆ ಬಾಲವೇ ಹೇಳಬೇಕು. ಬರ, ಸಾಲ, ಜಗಳ, ಯುದ್ಧ, ಮಕ್ಕಳು ಏನು ಬೇಕಾದರೂ ಅಂದುಕೊಳ್ಳಲಿ.

ಮಾತಿಲ್ಲದ ಪುಸ್ತಕಗಳ ಮೇಲೆ ನನಗಿರುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಲಾಂಪೆದೂಸಾ ಅಂತ ಇಟಲಿಯ ಒಂದು ಪುಟ್ಟ ದ್ವೀಪ ಇದೆ. ಇಟಲಿಯ ನೆಲಕ್ಕಿಂತ ಆಫ್ರಿಕಾದ ಟುನೀಶಿಯಾ ಅದಕ್ಕೆ ಹತ್ತಿರ. ಹಾಗಾಗಿ ದೋಣಿಯಲ್ಲಿ ಗಡಿ ದಾಟಿ ಬರುವವರು ಮೊದಲು ಕಾಲಿಡುವುದು ಅಲ್ಲಿ. ಐಬಿಬಿವೈ ಅನ್ನುವ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ಸಂಸ್ಥೆ 2012ರಲ್ಲಿ ಬೇರೆ ಬೇರೆ ದೇಶಗಳಿಂದ ಮಾತಿಲ್ಲದ ಚಿತ್ರಪುಸ್ತಕಗಳನ್ನು ತರಿಸಿ ಆ ದ್ವೀಪಕ್ಕೆ ಒಂದು ಸಂಗ್ರಹ ಮಾಡಲು ಶುರು ಮಾಡಿತು. ಬಂದಿಳಿಯುವ ಮಕ್ಕಳಿಗೂ ದ್ವೀಪದ ಮಕ್ಕಳಿಗೂ ಭಾಷೆ ಬೇರೆ, ಆದರೆ ಒಂದೇ ಪುಸ್ತಕ ಹಿಡಿದು ಕೂರಬಹುದು ಅಂತ. ಮಾಲೂರಿನಲ್ಲೂ ಬೇಕಾಗಿರುವುದು ಅದೇ ಅಲ್ವಾ?

ಆ ಸಂಸ್ಥೆ ಕಟ್ಟಿದ ಯೆಲ್ಲಾ ಲೆಪ್‌ಮನ್ ಕೂಡ ಗಡಿ ದಾಟಿದವರೇ. ಜರ್ಮನಿಯ ಯೆಹೂದಿ ಪತ್ರಕರ್ತೆ, ಹಿಟ್ಲರನ ಕಾಲದಲ್ಲಿ ಇಂಗ್ಲೆಂಡಿಗೆ ಓಡಿಹೋದರು. ಯುದ್ಧ ಮುಗಿದ ಮೇಲೆ ಜರ್ಮನಿಗೇ ವಾಪಸ್ ಬಂದರು. ಹಾಳುಬಿದ್ದ ಆ ದೇಶದಲ್ಲಿ ಅಕ್ಕಿ ಗೋಧಿಯಷ್ಟೇ ಮಕ್ಕಳ ಪುಸ್ತಕವೂ ಬೇಕು ಅಂತ ಹಟ ಹಿಡಿದು, ಬೇರೆ ದೇಶಗಳಿಗೆ ಕಾಗದ ಬರೆದು ಪುಸ್ತಕ ಬೇಡಿ ತರಿಸಿ, 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ಇಟ್ಟರು. 1949ರಲ್ಲಿ ಅದೇ ಊರಿನಲ್ಲಿ ಮಕ್ಕಳ ಅಂತರರಾಷ್ಟ್ರೀಯ ಗ್ರಂಥಾಲಯ ಆಯಿತು, 1953ರಲ್ಲಿ ಐಬಿಬಿವೈ. ಪುಸ್ತಕಕ್ಕೆ ದುಡ್ಡು ಯಾಕೆ ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಈ ಹೆಂಗಸಿನ ಕತೆ ಹೇಳಿ.

ನಮ್ಮ ದೇಶದ್ದು ಬೇಡವಾ ಅಂತ ಕೇಳಬಹುದು. ಬೇಕೇ ಬೇಕು. ಚೆನ್ನೈನ ತಾರಾ ಬುಕ್ಸ್ 2012ರಲ್ಲಿ ಹೊರತಂದ 'ಡ್ರಾಯಿಂಗ್ ಫ್ರಮ್ ದಿ ಸಿಟಿ' ನೋಡಿ. ಮಾಡಿದವರು ತೇಜುಬೆಹನ್. ರಾಜಸ್ಥಾನದ ಹಳ್ಳಿಯಿಂದ ಬದುಕು ಅರಸಿ ನಗರ ಸೇರಿದ ಹಾಡುಗಾರ್ತಿ, ಆಮೇಲೆ ಚಿತ್ರ ಬರೆಯಲು ಕಲಿತವರು. ತಮ್ಮ ಬದುಕನ್ನೇ ಕಪ್ಪು ಪೆನ್ನಿನ ಗೆರೆ, ಚುಕ್ಕಿಗಳಲ್ಲಿ ಬರೆದಿದ್ದಾರೆ. ರೈಲು, ಡೇರೆ, ನಗರದ ಗಿಜಿಗಿಜಿ, ಎಲ್ಲ ಅದೇ ಚುಕ್ಕಿಯಲ್ಲಿ. ಹೋಗ್ತಾ ಹೋಗ್ತಾ ಅವರ ಚಿತ್ರದ ಹೆಂಗಸರು ಸೈಕಲ್ ಹತ್ತುತ್ತಾರೆ, ಕಾರು ಓಡಿಸುತ್ತಾರೆ, ವಿಮಾನದಲ್ಲಿ ಹೋಗುತ್ತಾರೆ. ಡೇರೆಯಲ್ಲಿ ಬದುಕಿದವರ ಕೈಯಿಂದಲೇ ಬಂದ ಪುಸ್ತಕ ಇದು. ಪಕ್ಕದ ಶೆಡ್ಡಿನಲ್ಲಿ ಮಲಗೆದ್ದು ಬರುವ ಮಗುವಿಗೆ ಇದರ ಒಂದೊಂದು ಪುಟವೂ ಪರಿಚಯದ ಜಾಗ. ಬಣ್ಣ ಇಲ್ಲ ಅಂತ ಹಿಂಜರಿಯಬೇಡಿ. ಒಂದು ಪೆನ್ನು ಇದ್ದರೆ ತಾನೂ ಹೀಗೆ ಬರೆಯಬಹುದು ಅಂತ ಮಕ್ಕಳಿಗೆ ಬೇಗ ಅನ್ನಿಸುತ್ತದೆ.

ಇನ್ನು ಯುದ್ಧ, ದೋಣಿ, ಸಾವು. ಇಟಲಿಯ ಫ್ರಾಂಚೆಸ್ಕಾ ಸನ್ನಾ ಅವರ 'ದಿ ಜರ್ನಿ' ಈ ಬಗೆಯಲ್ಲಿ ಬಹಳ ಹೆಸರಾದದ್ದು, 2016ರಲ್ಲಿ ಬಂತು. ನಿರಾಶ್ರಿತರ ಕೇಂದ್ರವೊಂದರಲ್ಲಿ ಇಬ್ಬರು ಹುಡುಗಿಯರ ಮಾತು ಕೇಳಿದ ಮೇಲೆ, ಇನ್ನೂ ಹಲವರನ್ನು ಕಂಡು ಮಾತಾಡಿಸಿ ಮಾಡಿದ ಪುಸ್ತಕ. ಯುದ್ಧದಲ್ಲಿ ಅಪ್ಪ ತೀರಿಹೋಗುತ್ತಾನೆ. ಅಮ್ಮ ಎರಡು ಮಕ್ಕಳನ್ನು ಕರೆದುಕೊಂಡು ರಾತ್ರಿ ಹೊತ್ತು ಹೊರಡುತ್ತಾಳೆ. ಗಡಿಯಲ್ಲಿ ಗೋಡೆ, ಕಾವಲುಗಾರ. ಕಾಡಿನಲ್ಲಿ ಮಲಗುವ ಒಂದು ಪುಟ ಇದೆ. ಅಮ್ಮನಿಗೆ ಯಾವತ್ತೂ ಭಯ ಆಗುವುದಿಲ್ಲ ಅಂತ ಮಗು ಹೇಳುತ್ತದೆ. ಮಕ್ಕಳು ಕಣ್ಣು ಮುಚ್ಚಿದ ಮೇಲೆ ಚಿತ್ರದಲ್ಲಿ ಅಮ್ಮ ಅಳುತ್ತಿದ್ದಾಳೆ. ಮಾತು ಒಂದು ಹೇಳುತ್ತದೆ, ಚಿತ್ರ ಇನ್ನೊಂದು. ಚಿತ್ರಪುಸ್ತಕ ಮಾತ್ರ ಮಾಡಬಲ್ಲ ಕೆಲಸ ಇದು. ಆ ಪುಟದಲ್ಲಿ ನೀವು ಬಾಯಿ ಬಿಡಬೇಡಿ. ಮಕ್ಕಳೇ ಕಂಡುಹಿಡಿಯುತ್ತಾರೆ.

ಇದನ್ನು ಮೂರನೇ ತರಗತಿಗೆ ಓದಬಹುದಾ? ನನ್ನ ಅಭಿಪ್ರಾಯ, ಓದಬಹುದು, ಆದರೆ ಮೊದಲ ಪುಸ್ತಕವಾಗಿ ಬೇಡ. ಮಕ್ಕಳು ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಓದಿ, ನಾಲ್ಕು ಐದನೇ ತರಗತಿಗೆ ಇಟ್ಟುಕೊಂಡರೂ ನಷ್ಟ ಇಲ್ಲ. ಮನೆಗೆ ಹೋಗುವ ಬೆಲ್ಲಿಗೆ ಮುಂಚೆ ಓದಬೇಡಿ. ಬೆಳಗಿನ ಹೊತ್ತು ಓದಿ, ಆಮೇಲೆ ಮಾತಿಗೋ ಆಟಕ್ಕೋ ಸಮಯ ಇರಲಿ. ಯಾವುದಾದರೂ ಮಗು ಎದ್ದು ಹೋಗಿ ಕಿಟಕಿ ಹತ್ತಿರ ನಿಂತರೆ ವಾಪಸ್ ಕರೆಯಬೇಡಿ. ಇತ್ತೀಚೆಗೆ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಗು ತರಗತಿಯಲ್ಲಿದ್ದರೆ ಈ ಪುಸ್ತಕವನ್ನೇ ಬಿಡಿ. ಒಂದು ವಿಷಯ ಮಾತ್ರ ನೆನಪಿಡಿ. ನಮ್ಮ ಮಕ್ಕಳಿಗೆ ಭಯ ಹೊಸದಲ್ಲ. ಮನೆಯಲ್ಲಿ ದೊಡ್ಡವರು ಮೆಲ್ಲಗೆ ಮಾತಾಡಿಕೊಳ್ಳುವುದೆಲ್ಲ ಅವರ ಕಿವಿಗೆ ಬಿದ್ದಿರುತ್ತದೆ. ಅಮ್ಮ ಅತ್ತಿದ್ದನ್ನು ನೋಡಿ ನಿದ್ದೆಯ ನಾಟಕ ಮಾಡಿದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ, ಊರಿನವರೂ ಸೇರಿ.

ಯುದ್ಧದಿಂದ ಓಡಿ ಬಂದವರು ಬೇರೆ, ಕೂಲಿಗೆ ಬಂದವರು ಬೇರೆ ಅನ್ನುವುದನ್ನು ಮಾತ್ರ ಮಕ್ಕಳಿಗೆ ಬಿಡಿಸಿ ಹೇಳಿ. ಸಿರಿಯಾದ ಮಗುವಿನ ಕತೆ ಓದಿ "ನಮ್ಮ ಒಡಿಶಾದವನೂ ಹೀಗೇ" ಅಂದರೆ ಇಬ್ಬರಿಗೂ ಅನ್ಯಾಯ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಒಡಿಶಾದಿಂದ ಕರ್ನಾಟಕಕ್ಕೆ ಬರಲು ಯಾರ ಅಪ್ಪಣೆಯೂ ಬೇಡ. ಭಾರತದ ಯಾವ ಮೂಲೆಗೆ ಬೇಕಾದರೂ ಹೋಗುವ, ಅಲ್ಲೇ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆ ಹುಡುಗ ನಮ್ಮ ದಯೆಯಿಂದ ಇಲ್ಲಿ ಕೂತಿಲ್ಲ, ಅವನ ಹಕ್ಕಿನಿಂದ ಕೂತಿದ್ದಾನೆ. ಮೂರನೇ ತರಗತಿಯ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಊರಿನ ಮಕ್ಕಳು ಇದನ್ನು ನಿಮ್ಮ ಬಾಯಿಂದ ಕೇಳಬೇಕು.

ಬೇಡದ ಪುಸ್ತಕಗಳ ಬಗ್ಗೆಯೂ ಎರಡು ಮಾತು. ಹೊಸದಾಗಿ ಬಂದ ಮಗುವನ್ನು ಎಲ್ಲರೂ ದೂರ ಇಡುತ್ತಾರೆ, ಒಂದು ದಿನ ಅದು ಯಾರನ್ನೋ ನೀರಿನಿಂದ ಎತ್ತಿ ಉಳಿಸುತ್ತದೆ ಅಥವಾ ಓಟದಲ್ಲಿ ಗೆಲ್ಲುತ್ತದೆ, ಆಮೇಲೆ ಎಲ್ಲರೂ ಸೇರಿಸಿಕೊಳ್ಳುತ್ತಾರೆ. ಇಂಥ ಕತೆ ಬಹಳ ಸಿಗುತ್ತದೆ. ಅದನ್ನು ಓದಬೇಡಿ. ಜೊತೆಗೆ ಕೂರಲು ಒಂದು ಮಗು ಸಾಹಸ ಮಾಡಿ ತೋರಿಸಬೇಕಾ? ಹಾಗೇ, ಊರಿನ ಒಳ್ಳೆಯ ಹುಡುಗಿ ಬಡ ಹುಡುಗನಿಗೆ ಹಳೆ ಬಟ್ಟೆ ಕೊಟ್ಟು ಕೃತಜ್ಞತೆ ಪಡೆಯುವ ಕತೆಯೂ ಬೇಡ.

ಈಗ ನಿಮ್ಮ ಊರಿನ ಮಕ್ಕಳ ವಿಷಯ. ಪುಸ್ತಕ ಓದುವುದು ಬಂದವರಿಗೋಸ್ಕರ ಅಂತ ಅನ್ನಿಸಿಬಿಟ್ಟರೆ ಕೆಲಸ ಕೆಟ್ಟಿತು. ನಿಜ ಹೇಳಬೇಕು ಅಂದರೆ ಗಡಿ ದಾಟುವುದರಲ್ಲಿ ಕೋಲಾರದವರಿಗೆ ಪಾಠ ಬೇಕಾಗಿಲ್ಲ. ಎಷ್ಟು ಮಕ್ಕಳ ಅಮ್ಮನ ತವರು ಆಂಧ್ರದ ಕುಪ್ಪಂ ಕಡೆ, ತಮಿಳುನಾಡಿನ ಹೊಸೂರು ಕಡೆ ಇದೆ ಕೇಳಿ ನೋಡಿ. ಹಬ್ಬಕ್ಕೆ ಅಜ್ಜಿ ಮನೆಗೆ ಹೋದರೆ ಬಸ್ಸಿನ ಕಿಟಕಿಯಲ್ಲೇ ಬೋರ್ಡಿನ ಅಕ್ಷರ ಬದಲಾಗುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಿಮ್ಮ ತಾಲ್ಲೂಕಿನವರೇ, ಅವರ ಮನೆಮಾತು ತಮಿಳು. ಕೆಜಿಎಫ್ ಅಂತೂ ಪೂರ್ತಿ ವಲಸೆ ಬಂದವರು ಕಟ್ಟಿದ ಊರು. ಚಿನ್ನ ಅಗೆಯಲು 1880ರ ದಶಕದಿಂದ ತಮಿಳು ಸೀಮೆಯಿಂದ ಸಂಸಾರ ಸಮೇತ ಬಂದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಆ ರೈಲಿನ ಮೇಲೆ, ಆ ಮನೆಗಳ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಚಿತ್ರಪುಸ್ತಕ 32 ಪುಟದಲ್ಲಿ ಆಗಬೇಕು. ನಮ್ಮ ಕಲಾವಿದರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೈಹಾಕಿ.

ಅಲ್ಲಿಯವರೆಗೆ ಪುಸ್ತಕವನ್ನು ನೀವೇ ತರಗತಿಯಲ್ಲಿ ಮಾಡಿ. ಎಲ್ಲ ಮಕ್ಕಳೂ ಮಾಡಬೇಕು, ಬಂದವರು ಮಾತ್ರ ಅಲ್ಲ. ಒಂದು ಡ್ರಾಯಿಂಗ್ ಶೀಟನ್ನು ಉದ್ದಕ್ಕೆ ಕತ್ತರಿಸಿ ಅಂಟಿಸಿ, ಹಳೆ ಕಾಲದ ಕಡತದ ಹಾಗೆ ಹಿಂದೆ ಮುಂದೆ ಮಡಿಚಿ. ಮುಂದಿನ ಬದಿಯಲ್ಲಿ ಹೋಗುವ ದಾರಿ, ಹಿಂದಿನ ಬದಿಯಲ್ಲಿ ವಾಪಸ್ ಬರುವ ದಾರಿ. 'ನಮ್ಮ ಮನೆಯವರು ಹೋಗಿ ಬರುವ ದಾರಿ' ಅಂತ ವಿಷಯ ಕೊಡಿ, ಅಷ್ಟು ಸಾಕು. ಒಬ್ಬಳು ಅಮ್ಮನ ತವರಿನ ಬಸ್ಸು ಬರೆಯುತ್ತಾಳೆ. ಒಬ್ಬ ನರಸಾಪುರದ ಫ್ಯಾಕ್ಟರಿಗೆ ಅಕ್ಕ ಹೋಗುವ ಕಂಪನಿ ಬಸ್ಸು ಬರೆಯುತ್ತಾನೆ. ಒಡಿಶಾದ ಮಗು ಎರಡು ರಾತ್ರಿಯ ರೈಲು ಬರೆಯಬಹುದು, ಊರಿನ ಆಡು ಮಾತ್ರ ಬರೆಯಬಹುದು, ಏನೂ ಬರೆಯದೆ ಬರೀ ಹಳಿ ಎಳೆಯಬಹುದು. ಅದರ ಇಷ್ಟ. ದಾರಿಯಲ್ಲಿ ಏನು ತಿಂದಿರಿ ಅಂತ ಬರೆಯಲು ಕಡತದಲ್ಲಿ ಒಂದು ಪುಟ ಇಡಿ. ಊಟದ ಮಾತು ಬಂದರೆ ಮಕ್ಕಳಿಗೆ ನಾಚಿಕೆ ಹೋಗುತ್ತದೆ. ಒಡಿಶಾದ ಪಖಾಳ, ಅಂದರೆ ನೀರಲ್ಲಿ ನೆನೆಸಿದ ಅನ್ನ, ನಮ್ಮ ತಂಗಳನ್ನಕ್ಕೆ ದೂರದ್ದೇನಲ್ಲ. ಮುಗಿದ ಕಡತಗಳನ್ನು, ನಲಿ-ಕಲಿ ತರಗತಿಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ಕಟ್ಟಿರುವ ಚಪ್ಪರದಲ್ಲೇ ನೇತುಹಾಕಿ, ಎರಡು ಬದಿಯೂ ಕಾಣುತ್ತದೆ.

ಚಿತ್ರದ ಕೆಳಗೆ ಬರೆಯುವ ಮಾತು ಯಾವ ಭಾಷೆಯಲ್ಲಿರಬೇಕು? ಮಗು ಹೇಳಿದ ಭಾಷೆಯಲ್ಲೇ, ಕನ್ನಡ ಅಕ್ಷರದಲ್ಲಿ ನೀವು ಬರೆದುಕೊಡಿ. ಪಕ್ಕದಲ್ಲಿ ಕನ್ನಡ ಮಾತು ಇರಲಿ. ಪಶ್ಚಿಮ ಒಡಿಶಾದವರು ಮನೆಯಲ್ಲಿ ಆಡುವುದು ಸಂಬಲ್ಪುರಿ. ಅದಕ್ಕೂ ಪಠ್ಯಪುಸ್ತಕದ ಒಡಿಯಾಕ್ಕೂ ಸಾಕಷ್ಟು ವ್ಯತ್ಯಾಸ ಇದೆ. ಒಡಿಯಾ ಪುಸ್ತಕ ತರಿಸಿಕೊಟ್ಟಾಗ ಮಗು ತಡವರಿಸಿದರೆ ದಡ್ಡ ಅಂದುಕೊಳ್ಳಬೇಡಿ. ಬಿಹಾರದ ಮಕ್ಕಳ ಜೊತೆ ಮಾತಿಗೆ ಯಾರೂ ಇಲ್ಲ ಅನ್ನಿಸಿದರೆ, ನಿಮ್ಮ ತರಗತಿಯಲ್ಲೇ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳು ಇದ್ದಾರಾ ನೋಡಿ. ಅವರ ದಖ್ಖನಿ ಮಾತು ಹಿಂದಿಯವರಿಗೆ ಬಹುಮಟ್ಟಿಗೆ ತಿಳಿಯುತ್ತದೆ. ಪುಸ್ತಕ ಓದುವಾಗ ಅವರನ್ನು ಪಕ್ಕ ಪಕ್ಕ ಕೂರಿಸಿ. ಆಟಕ್ಕೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ದುಡ್ಡಿನ ಲೆಕ್ಕ ಹೇಳಿ ಮುಗಿಸುತ್ತೇನೆ. ನಾನು ಹೇಳಿದ ಹೊರದೇಶದ ಪುಸ್ತಕಗಳು ದುಬಾರಿ, ಒಂದು ಶಾಲೆಗೆ ಭಾರ. ನಿಮ್ಮ ಸಿ.ಆರ್.ಪಿ. (ಸುತ್ತಲಿನ ಶಾಲೆಗಳ ಗುಂಪು, ಅಂದರೆ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಜೊತೆ ಮಾತಾಡಿ, ಕ್ಲಸ್ಟರಿನ ನಾಲ್ಕೈದು ಶಾಲೆ ಸೇರಿ ಒಂದೊಂದು ಪ್ರತಿ ಕೊಂಡು ತಿಂಗಳಿಗೆ ಒಂದು ಶಾಲೆಯ ಹಾಗೆ ತಿರುಗಿಸಿ. ಒಂದೇ ಕೊಳ್ಳಲು ಆಗುವುದಾದರೆ 'ದಿ ಅರೈವಲ್' ಕೊಳ್ಳಿ. ಕನ್ನಡದ ಪುಸ್ತಕಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಅಲ್ಲಿನ ಕತೆಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಒಂದೇ ಕತೆ ಕನ್ನಡ, ತೆಲುಗು, ಹಿಂದಿ, ಒಡಿಯಾ ನಾಲ್ಕರಲ್ಲೂ ಇದೆಯಾ ನೋಡಿ, ಇದ್ದರೆ ನಾಲ್ಕನ್ನೂ ತೆಗೆದಿಡಿ. ವಲಸೆಯ ಕತೆಯೇ ಆಗಬೇಕು ಅಂತಿಲ್ಲ. ತನ್ನ ಭಾಷೆಯ ಅಕ್ಷರ ಶಾಲೆಯ ಪುಸ್ತಕದ ಸಾಲಿನಲ್ಲಿ ಕಂಡರೆ ಮಗು ಎದ್ದು ಬಂದು ಮುಟ್ಟಿ ನೋಡುತ್ತದೆ. ಪಂಚಾಯಿತಿಯ ಗ್ರಂಥಾಲಯಕ್ಕೂ ಈ ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಫ್ಯಾಕ್ಟರಿ ಮಕ್ಕಳು ಪುಸ್ತಕ ಹರಿದುಹಾಕುತ್ತಾರೆ ಅಂತ ಯಾರಾದರೂ ಅಂದರೆ, ಮೊದಲ ಪುಸ್ತಕ ನಿಮ್ಮ ಜವಾಬ್ದಾರಿಯಲ್ಲಿ ತೆಗೆದುಕೊಡಿ.

ಬೇಸಿಗೆಗೆ ಅವರು ಹೊರಡುವಾಗ ಹೇಳದೆ ಕೇಳದೆ ಹೊರಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಹಾಗಾಗಿ ಮಾರ್ಚ್ ತಿಂಗಳಲ್ಲೇ ಅವರ ಕಡತದ ಫೋಟೋ ತೆಗೆದಿಟ್ಟುಕೊಂಡು ಮೂಲವನ್ನು ಮಗುವಿಗೆ ಕೊಟ್ಟುಬಿಡಿ. ಏನು ಕಲಿತಿದೆ ಅಂತ ಒಂದು ಹಾಳೆಯಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಜೊತೆಗಿಡಿ. ವರ್ಗಾವಣೆ ಪತ್ರ ತಡವಾಯಿತು ಅಂತ ಮುಂದಿನ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಈ ಮಾತನ್ನು ಅಪ್ಪ ಅಮ್ಮನಿಗೆ ಬಾಯಲ್ಲಿ ಹೇಳಿ, ಆ ಹಾಳೆಯ ಕೆಳಗೂ ಬರೆದುಕೊಡಿ.